ಅಪ್ಪನ ನೆನಪಲ್ಲಿ ಇನ್ನೊಂದಷ್ಟು ಏರ್ ಬೆಡ್, ಒಂದು ದೇಣಿಗೆ ಮನವಿ

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ತೀರ್ಕೊಂಡು ಮೂರು ತಿಂಗಳಾಯ್ತು. ಅವರ ಕೊನೇ ಏಳು ವಾರ ಮನೆಗೇ ಬಂದು ನೋಡ್ಕೊಂಡ ಪ್ಯಾಲಿಯೇಟಿವ್ ಕೇರ್ (ದೊಡ್ಡ ಕಾಯಿಲೆಯವರ ನೋವು, ಸಂಕಟ ಕಮ್ಮಿ ಮಾಡೋ ಆರೈಕೆ) ಟ್ರಸ್ಟಿನ ಪರವಾಗಿ ಬರೀತಿದೀನಿ, ಈಗ ನಾನೂ ಅಲ್ಲೇ ವಾಲಂಟಿಯರ್. ದೇಣಿಗೆ ಕೇಳೋಕೇ ಬಂದಿರೋದು, ಆದ್ರೆ ಅದಕ್ಕೂ ಮುಂಚೆ ಅಪ್ಪನ ವಿಷಯ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ದುಡ್ಡು ಯಾತಕ್ಕೆ ಅನ್ನೋದು ಅದ್ರಲ್ಲೇ ಇದೆ.

ಅಪ್ಪ ಎಂಥೋರು ಅಂದ್ರೆ ರಾಂಗ್ ನಂಬರ್ ಬಂದ್ರೂ ಅರ್ಧ ಗಂಟೆ ಮಾತಾಡೋರು, ಕೊನೇಗೆ ಆ ಕಡೆಯವರು "ಆಗಾಗ ಫೋನ್ ಮಾಡ್ತಿರ್ತೀನಿ ಸಾರ್" ಅಂತ ಇಡ್ಬೇಕು, ಹಾಗೆ. ಮೊಮ್ಮಕ್ಕಳ ಜೊತೆ ಗೊರಕೆ ಆಟ. ಕಣ್ಮುಚ್ಚಿ ಗೊರಕೆ ಹೊಡೀತಾ ಮಲಗಿರೋರು, ಮಗು ಒಂದು ಹೆಜ್ಜೆ ಹತ್ರ ಬಂದ್ರೆ ಗೊರಕೆ ಬಂದ್, ಹಿಂದೆ ಸರಿದ್ರೆ ಮತ್ತೆ ಶುರು, ಮೂಗು ಮುಟ್ಟಿದ್ರೆ ಮಾತ್ರ ಲಾರಿ ಹಾರ್ನು! ಇದನ್ನ ಸಾವಿರ ಸಲ ಆಡಿರ್ಬೇಕು, ಒಂದು ಸಲವೂ ಮಕ್ಕಳಿಗೆ ಬೇಜಾರಾಗಿದ್ದು ನಾನು ನೋಡಿಲ್ಲ.

ಆಮೇಲೆ ಕ್ಯಾನ್ಸರ್ ಬೆನ್ನುಮೂಳೆಗೆ ಹರಡ್ತು. ತೋರಿಸ್ತಿದ್ದ ಆಸ್ಪತ್ರೇಲಿ ಇನ್ನು ಮಾಡೋಕೇನೂ ಇಲ್ಲ, ಮನೆಗೆ ಕರ್ಕೊಂಡೋಗಿ ಅಂದ್ಬಿಟ್ರು. ಮನೆಗೆ ಬಂದ ಮೇಲೆ ಹತ್ತು ದಿನ ಅಪ್ಪ ಮಾತೇ ಆಡ್ಲಿಲ್ಲ. ಗೋಡೆ ಕಡೆ ಮುಖ, ಬೆಡ್‌ಶೀಟಿನ ಅಂಚು ಮುಷ್ಟೀಲಿ, ಮಕ್ಕಳು ಬಾಗಿಲ ಹತ್ರ ಬಂದ್ರೆ "ಆಚೆ ಕಳ್ಸಿ" ಅನ್ನೋರು. ಉಸಿರು ಇನ್ನೂ ಇತ್ತು, ಆದ್ರೆ ನೋವು ನಮ್ಮಪ್ಪನ್ನ ಆಗ್ಲೇ ತಗೊಂಡೋಗಿತ್ತು.

ಯಾರೋ ಹೇಳಿದ್ರು ಅಂತ ಟ್ರಸ್ಟಿಗೆ ಫೋನ್ ಮಾಡಿದ್ವಿ, ಮಾರನೇ ದಿನ ಡಾಕ್ಟ್ರು, ನರ್ಸ್ ಇಬ್ರೂ ಮನೆಗೇ ಬಂದ್ರು. ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಸಿಸ್ಟರ್ ಕೇಳಿದ್ರೆ ಅಪ್ಪ "ಒಂಬತ್ತು" ಅಂದ್ರು ಅಷ್ಟೇ. ಡಾಕ್ಟ್ರು ಮಾರ್ಫಿನ್ ಅನ್ನೋ ಜೋರು ನೋವಿನ ಔಷಧಿಯ ಸಿರಪ್ ಬರೆದಾಗ ನಾವೆಲ್ಲ ಹೆದರಿದ್ವಿ, ಮಾರ್ಫಿನ್ ಅಂದ್ರೆ ಮುಗೀತು ಅನ್ನೋ ಭಯ. ಸರಿಯಾದ ಡೋಸಲ್ಲಿ ಕೊಟ್ರೆ ಅದ್ರಿಂದ ಸಾವು ಬೇಗ ಬರಲ್ಲ, ಮಲಬದ್ಧತೆ ಆಗತ್ತೆ, ಅದಕ್ಕೆ ಜೊತೇಲೇ ಔಷಧಿ ಕೊಡ್ತೀವಿ ಅಂತ ಡಾಕ್ಟ್ರು ಕೂತು ಬಿಡಿಸಿ ಹೇಳಿದ್ರು. ನೋವು ಬರೋವರೆಗೂ ಕಾಯ್ಬಾರ್ದು, ಗಡಿಯಾರ ನೋಡ್ಕೊಂಡು ಕೊಡ್ಬೇಕು, ನಾಲ್ಕು ಗಂಟೆಗೊಂದ್ಸಲ. 1967ರಲ್ಲಿ ಲಂಡನ್ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೇ ಹಂತದ ರೋಗಿಗಳನ್ನ ನೋಡ್ಕೊಳ್ಳೋ ಜಾಗ) ಶುರು ಮಾಡಿದ ಸಿಸಿಲಿ ಸಾಂಡರ್ಸ್ ಇದನ್ನೇ ಜೀವನಪೂರ್ತಿ ಹೇಳ್ಕೊಂಡು ಬಂದ್ರಂತೆ, ಅವರು ಡಾಕ್ಟರ್ ಆಗೋ ಮುಂಚೆ ನರ್ಸ್ ಆಗಿದ್ದೋರು.

ನಾಲ್ಕನೇ ದಿನ ಸಿಸ್ಟರ್ ಮತ್ತೆ ಕೇಳಿದ್ರು. ಅಪ್ಪ "ಮೂರು" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು "ಹತ್ತಕ್ಕೆ ಮೂರು ಅಂದ್ರೆ ಫೇಲ್ ಅಲ್ವಾ ಸಿಸ್ಟರ್, ಪೇರೆಂಟ್ಸನ್ನ ಕರ್ಕೊಂಡ್ ಬರ್ಬೇಕಾ?" ಅಂತ ಕೇಳಿದ್ರು! ಅಮ್ಮ ನಗ್ತಾ ನಗ್ತಾನೇ ಅಡುಗೆಮನೆಗೆ ಹೋಗಿ ಅತ್ರು. ನಮ್ಮಪ್ಪ ವಾಪಸ್ ಬಂದಿದ್ರು.

ಟ್ರಸ್ಟಿಂದ ಏರ್ ಬೆಡ್ಡೂ ಕೊಟ್ಟಿದ್ರು. ಅದ್ರಲ್ಲಿ ಉದ್ದುದ್ದ ಗಾಳಿ ಚೀಲಗಳು ಒಂದಾದ್ಮೇಲೊಂದು ಉಬ್ಬಿ ಇಳೀತಾ ಇರ್ತವೆ, ಮೈಯ ಒಂದೇ ಜಾಗಕ್ಕೆ ಒತ್ತಡ ಬೀಳ್ದೆ ಬೆಡ್ ಸೋರ್ (ಮಲಗಿದಲ್ಲೇ ಮಲಗಿ ಆಗೋ ಹುಣ್ಣು) ಆಗೋದು ಕಮ್ಮಿ, ಆದ್ರೂ ಮಗ್ಗುಲು ಬದಲಾಯಿಸ್ತಾ ಇರ್ಲೇಬೇಕು. ಪಕ್ಕದಲ್ಲಿ ಚಿಕ್ಕ ಮೋಟರ್, ಯಾವಾಗ್ಲೂ ಗುರ್ರ್ ಅಂತಿರತ್ತೆ. ನನ್ನ ನಾಲ್ಕು ವರ್ಷದ ಮಗಳು ಅದೇನು ತಾತಾ ಅಂದ್ರೆ "ಮಂಚದ ಕೆಳಗೆ ಬೆಕ್ಕು ಮಲಗಿದೆ ಪುಟ್ಟಾ, ಕೂಗ್ಬೇಡ, ಎದ್ಬಿಡತ್ತೆ" ಅಂದ್ರು. ಅವಳು ಅವತ್ತೇ ತನ್ನ ಹಳೇ ಟವೆಲ್ ತಂದು ಮೋಟರ್ ಪಕ್ಕ ನಾಲ್ಕು ಮಡಿಕೆ ಮಾಡಿ ಹಾಸಿದ್ಲು. ಸಂಜೆ ಗೊರಕೆ ಆಟ ಮತ್ತೆ ಶುರುವಾಯ್ತು, ಹಾರ್ನ್ ಮಾತ್ರ ಮೆಲ್ಲಗೆ.

ಪ್ಯಾಲಿಯೇಟಿವ್ ಕೇರ್ ಅಂದ್ರೆ ಕೊನೇ ದಿನಗಳಿಗೆ ಮಾತ್ರ ಅಂತ ನಾವು ತಿಳ್ಕೊಂಡಿದ್ವಿ, ಅದು ತಪ್ಪು, ದೊಡ್ಡ ಕಾಯಿಲೆ ಅಂತ ಗೊತ್ತಾದ ದಿನದಿಂದ್ಲೇ ಬೇರೆ ಟ್ರೀಟ್‌ಮೆಂಟ್ ಜೊತೆಗೇ ತಗೋಬಹುದು. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 5.68 ಕೋಟಿ ಜನಕ್ಕೆ ಇದು ಬೇಕು, ಸಿಗ್ತಿರೋದು ಶೇ. 14ರಷ್ಟು ಜನಕ್ಕೆ. ಉಳಿದವರ ಮನೇಲೂ ಒಬ್ರು ಗೋಡೆ ಕಡೆ ತಿರುಗಿ ಮಲಗಿರ್ತಾರಲ್ಲ ಅಂತ ನೆನಸ್ಕೊಂಡ್ರೆ ನಂಗೆ ನಿದ್ದೆ ಬರಲ್ಲ.

ಟ್ರಸ್ಟು ಯಾರ ಹತ್ರನೂ ಫೀಸ್ ತಗೊಳ್ಳಲ್ಲ. ಈಗ ಅರ್ಜೆಂಟಾಗಿ ಬೇಕಿರೋದು ಏರ್ ಬೆಡ್ಡು, ಆಕ್ಸಿಜನ್ ಕಾನ್ಸಂಟ್ರೇಟರ್, ಮನೆಮನೆಗೆ ಹೋಗೋ ಗಾಡಿಗೆ ಡೀಸೆಲ್ಲು, ರಾತ್ರಿ ಹೊತ್ತು ಫೋನ್ ಎತ್ತೋಕೆ ಇನ್ನೊಬ್ರು ನರ್ಸಿನ ಸಂಬಳ. ಎಷ್ಟು ಕೊಟ್ರೂ ಸರಿ, ತಿಂಗಳಿಗಿಷ್ಟು ಅಂತ ಕೊಟ್ರೆ ಇನ್ನೂ ಅನುಕೂಲ, ಸಂಬಳ ತಿಂಗಳು ತಿಂಗಳು ಕೊಡ್ಬೇಕಲ್ಲ. ಮನೇಲಿ ಉಪಯೋಗಕ್ಕಿಲ್ದೆ ಕೂತಿರೋ ವೀಲ್‌ಚೇರ್, ವಾಕರ್ ಇದ್ರೆ ಅದನ್ನೂ ಕೊಡಿ, ನಾವೇ ಬಂದು ತಗೊಂಡೋಗ್ತೀವಿ. ಯಾರ ನೆನಪಲ್ಲಿ ಕೊಡ್ತಿದೀರ ಅಂತ ಹೇಳಿ, ರಸೀದೀಲಿ ಅವರ ಹೆಸ್ರನ್ನೂ ಬರೀತೀವಿ.

ಅಪ್ಪ ಹೋದ ಮೇಲೆ ಬೆಡ್ ತಗೊಂಡೋಗೋಕೆ ಟ್ರಸ್ಟಿನವರು ಬಂದಾಗ ಮಗಳು ಮೋಟರನ್ನೇ ನೋಡ್ತಾ ನಿಂತಿದ್ಲು. ಬೆಕ್ಕು ಎಲ್ಲಿಗೆ ಹೋಗತ್ತೆ ಅಂತ ಕೇಳಿದ್ಲು. ಇನ್ನೊಬ್ರು ತಾತನ ಮನೆಗೆ ಅಂದೆ. ಓಡಿಹೋಗಿ ಟವೆಲ್ ತಂದು ಗಾಡೀಲಿ ಬೆಡ್ ಮೇಲೆ ಇಟ್ಟು ಬಂದ್ಲು.