ಉಲ್ಲೇಖಗಳ ಲೆಕ್ಕದ ಜತೆಗೆ ಪ್ರಬಂಧದ ತಿರುಳೂ ಬರಲಿ

ಮಾನ್ಯ ಸಂಪಾದಕರೇ,

ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಕುರಿತು ದೀರ್ಘಕಾಲ ದುಡಿದ ವೈದ್ಯವಿಜ್ಞಾನಿಯೊಬ್ಬರನ್ನು ತಮ್ಮ ಪತ್ರಿಕೆ ಈಚೆಗೆ ಪರಿಚಯಿಸಿದ್ದನ್ನು ಓದಿ ಸಂತೋಷಪಟ್ಟೆ. ಆದರೆ ಲೇಖನ ಮುಗಿದಾಗ ನನಗೆ ತಿಳಿದಿದ್ದು ಅವರು ಪ್ರಕಟಿಸಿದ ಪ್ರಬಂಧಗಳೆಷ್ಟು, ಅವುಗಳಿಗೆ ಸಂದ ಉಲ್ಲೇಖಗಳೆಷ್ಟು, ಅವರ ಎಚ್-ಇಂಡೆಕ್ಸ್ ಎಷ್ಟು ಎಂಬುದು ಮಾತ್ರ. ಅವರು ಕಂಡುಕೊಂಡದ್ದೇನು, ಅದರಿಂದ ಯಾವ ರೋಗಿಯ ಚಿಕಿತ್ಸೆ ಬದಲಾಯಿತು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ವೈದ್ಯಕೀಯ ಗ್ರಂಥಾಲಯದಲ್ಲಿ ಕುಳಿತು ಇಂಥದೇ ಪಟ್ಟಿಗಳನ್ನು ವರ್ಷಗಟ್ಟಲೆ ಸಿದ್ಧಪಡಿಸಿಕೊಟ್ಟವನಾದ್ದರಿಂದ, ಆ ಸಂಖ್ಯೆಗಳು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂಬುದನ್ನು ಓದುಗರ ಮುಂದಿಡಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಒಂದು ಪ್ರಬಂಧವನ್ನು ಮುಂದೆ ಬಂದ ಎಷ್ಟು ಪ್ರಬಂಧಗಳು ಹೆಸರಿಸಿವೆ ಎಂಬುದೇ ಉಲ್ಲೇಖ. ಹಾಗೆ ಹೆಸರಿಸಿದ ಕೊಂಡಿಗಳನ್ನು ಒಂದೆಡೆ ಕಲೆಹಾಕುವ ಯೋಚನೆಯನ್ನು ಅಮೆರಿಕದ ಮಾಹಿತಿತಜ್ಞ ಯುಜೀನ್ ಗಾರ್‌ಫೀಲ್ಡ್ 1955ರಲ್ಲಿ ಮಂಡಿಸಿದಾಗ ಅವರ ಮುಖ್ಯ ಉದ್ದೇಶ ಒಂದು ವಿಚಾರ ಎಲ್ಲೆಲ್ಲಿ ಹರಿದುಹೋಯಿತು, ಯಾರು ಅದನ್ನು ಪ್ರಶ್ನಿಸಿದರು ಎಂದು ಸಂಶೋಧಕರಿಗೆ ಹುಡುಕಿಕೊಡುವುದಾಗಿತ್ತು. ವ್ಯಕ್ತಿಗಳನ್ನು ತೂಗುವ ತಕ್ಕಡಿಯಾಗಿ ಅದು ಬಳಕೆಗೆ ಬಂದದ್ದು ಆಮೇಲೆ. ಎಚ್-ಇಂಡೆಕ್ಸ್ ಅನ್ನು ಭೌತವಿಜ್ಞಾನಿ ಜಾರ್ಜ್ ಹಿರ್ಶ್ 2005ರಲ್ಲಿ ಸೂಚಿಸಿದರು. ಒಬ್ಬರ ಎಷ್ಟು ಪ್ರಬಂಧಗಳಿಗೆ ತಲಾ ಕನಿಷ್ಠ ಅಷ್ಟೇ ಉಲ್ಲೇಖಗಳು ಸಿಕ್ಕಿವೆಯೋ, ಅಂಥ ಅತಿ ದೊಡ್ಡ ಸಂಖ್ಯೆಯೇ ಅದು. ಒಬ್ಬರ ಐದು ಪ್ರಬಂಧಗಳಿಗೆ ಕ್ರಮವಾಗಿ 100, 50, 6, 5 ಮತ್ತು 4 ಉಲ್ಲೇಖಗಳು ಸಿಕ್ಕಿವೆ ಎಂದುಕೊಳ್ಳಿ. ಕನಿಷ್ಠ ನಾಲ್ಕು ಉಲ್ಲೇಖ ಪಡೆದ ನಾಲ್ಕು ಪ್ರಬಂಧಗಳಿವೆ, ಕನಿಷ್ಠ ಐದು ಉಲ್ಲೇಖ ಪಡೆದ ಐದು ಪ್ರಬಂಧಗಳಿಲ್ಲ, ಹಾಗಾಗಿ ಅವರ ಎಚ್-ಇಂಡೆಕ್ಸ್ 4. ಮೊದಲ ಪ್ರಬಂಧದ ಉಲ್ಲೇಖ ನೂರರಿಂದ ಹತ್ತು ಸಾವಿರಕ್ಕೆ ಏರಿದರೂ ಈ 4 ಅಲುಗಾಡುವುದಿಲ್ಲ. ಅಂದರೆ ಒಂದೇ ಒಂದು ದೊಡ್ಡ ಕೆಲಸ ಮಾಡಿದವರನ್ನು ಗುರುತಿಸಲು ಈ ಅಳತೆಗೆ ಬರುವುದೇ ಇಲ್ಲ.

ಲ್ಯುಕೇಮಿಯಾ ಸಂಶೋಧನೆಯಲ್ಲಿ ಅಂಥ ಒಂದು ದೊಡ್ಡ ಕೆಲಸಕ್ಕೆ ನಿದರ್ಶನ ಬೇಕಿದ್ದರೆ 1960ರ ಸೈನ್ಸ್ ಪತ್ರಿಕೆಯ ಒಂದು ಪುಟ್ಟ ಟಿಪ್ಪಣಿಯನ್ನು ನೋಡಬೇಕು. ಫಿಲಡೆಲ್ಫಿಯಾದ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಬರೆದದ್ದು ಕೆಲವೇ ಪ್ಯಾರಾ. ಸಭೆಯೊಂದರಲ್ಲಿ ಮಂಡಿಸಿದ ಹಲವು ಸಾರಾಂಶಗಳ ನಡುವೆ ಅದೂ ಒಂದಾಗಿ ಅಚ್ಚಾಗಿದೆ. ಹಳೆಯ ಸಂಪುಟವನ್ನು ತೆರೆದು ಮೊದಲ ಸಲ ಆ ಪುಟ ಹುಡುಕಿದಾಗ ನಾನು ಅದನ್ನು ದಾಟಿ ಮುಂದೆ ಹೋಗಿಬಿಟ್ಟಿದ್ದೆ. ನಿಧಾನವಾಗಿ ಬೆಳೆಯುವ ಬಗೆಯ ರಕ್ತದ ಕ್ಯಾನ್ಸರ್ ಆದ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾದ ಏಳು ರೋಗಿಗಳ ಜೀವಕೋಶಗಳಲ್ಲಿ ಅಸಹಜವಾಗಿ ಚಿಕ್ಕದಾದ ಒಂದು ವರ್ಣತಂತು ಕಾಣುತ್ತಿದೆ ಎಂಬುದಷ್ಟೇ ಅದರ ಒಕ್ಕಣೆ. ಆ ವರ್ಣತಂತುವಿನಿಂದ ಕಳೆದುಹೋದ ತುಣುಕು ಎಲ್ಲಿಗೆ ಹೋಯಿತು ಎಂಬುದನ್ನು 1973ರಲ್ಲಿ ಅಮೆರಿಕದ ತಳಿವಿಜ್ಞಾನಿ ಜಾನೆಟ್ ರೌಲಿ ತೋರಿಸಿದರು: 22ನೆಯ ವರ್ಣತಂತುವಿನ ತುಂಡು 9ನೆಯದಕ್ಕೆ ಸ್ಥಳಾಂತರಗೊಂಡಿತ್ತು. ಹಾಗೆ ತುಂಡುಗಳು ಅದಲುಬದಲಾದಾಗ ಎರಡು ಜೀನ್‌ಗಳು ಬೆಸೆದುಕೊಂಡು, ಬಿಡುವಿಲ್ಲದೆ ಕೆಲಸ ಮಾಡುವ ಒಂದು ಕಿಣ್ವ ಹುಟ್ಟುತ್ತದೆ, ಅದೇ ಈ ರೋಗವನ್ನು ನಡೆಸುತ್ತದೆ ಎಂಬುದು 1980ರ ದಶಕದಲ್ಲಿ ಸ್ಪಷ್ಟವಾಯಿತು. ಆ ಕಿಣ್ವವನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿದ್ದು 2001ರಲ್ಲಿ. ಟಿಪ್ಪಣಿಯಿಂದ ಮಾತ್ರೆಯವರೆಗೆ 41 ವರ್ಷ! ಜರ್ನಲ್‌ಗಳ ಮೌಲ್ಯ ಹೇಳಲು ಬಳಸುವ ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕಕ್ಕೆ ಹಿಡಿಯುವುದು ಹಿಂದಿನ ಎರಡು ವರ್ಷಗಳ ಲೇಖನಗಳನ್ನು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕೆಂದು ಕೋರುತ್ತೇನೆ.

ಇನ್ನು ಲೇಖಕರ ಪಟ್ಟಿಯ ವಿಚಾರ. ಮಕ್ಕಳ ತೀವ್ರ ಲ್ಯುಕೇಮಿಯಾಕ್ಕೆ ಔಷಧದಿಂದ ಉಪಶಮನ ಸಾಧ್ಯ ಎಂದು ತೋರಿಸಿದ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅವರ ಪ್ರಬಂಧ ಪ್ರಕಟವಾದದ್ದು 1948ರ ಜೂನ್‌ನಲ್ಲಿ. ಅದರ ಶೀರ್ಷಿಕೆಯ ಮೊದಲ ಪದವೇ 'ತಾತ್ಕಾಲಿಕ' ಎಂದಿದೆ. ಹದಿನಾರು ಮಕ್ಕಳಿಗೆ ಔಷಧ ಕೊಟ್ಟು, ಹತ್ತು ಮಕ್ಕಳಲ್ಲಿ ಸುಧಾರಣೆ ಕಂಡರೂ, ಅದು ಉಳಿಯುವ ಗುಣವಲ್ಲ ಎಂದು ತಲೆಬರಹದಲ್ಲೇ ಒಪ್ಪಿಕೊಂಡ ಆ ಪ್ರಾಮಾಣಿಕತೆಯನ್ನು ಯಾವ ಉಲ್ಲೇಖಸಂಖ್ಯೆಯೂ ಹಿಡಿದಿಡಲಾರದು. ಅಮಿನೋಪ್ಟೆರಿನ್ ಎಂಬ ಆ ಔಷಧವನ್ನು ತಯಾರಿಸಿಕೊಟ್ಟದ್ದು ಭಾರತ ಮೂಲದ ಜೀವರಸಾಯನ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ, ಅಮೆರಿಕದ ಲೆಡರ್ಲೆ ಔಷಧ ಕಂಪನಿಯ ಪ್ರಯೋಗಾಲಯ. ಪ್ರಬಂಧದ ಐವರು ಲೇಖಕರಲ್ಲಿ ಸುಬ್ಬರಾವ್ ಇಲ್ಲ. ಆ ಪ್ರಬಂಧಕ್ಕೆ ಇಂದಿಗೂ ಸಲ್ಲುತ್ತಿರುವ ಉಲ್ಲೇಖಗಳಲ್ಲಿ ಒಂದೂ ಅವರ ಲೆಕ್ಕಕ್ಕೆ ಸೇರುವುದಿಲ್ಲ. ಇದಕ್ಕೆ ತೀರ ವಿರುದ್ಧವಾಗಿ, ಇಂದಿನ ಬಹುಕೇಂದ್ರ ಕ್ಲಿನಿಕಲ್ ಟ್ರಯಲ್‌ಗಳ, ಅಂದರೆ ಹಲವು ಆಸ್ಪತ್ರೆಗಳು ಸೇರಿ ರೋಗಿಗಳಲ್ಲಿ ಚಿಕಿತ್ಸೆಯನ್ನು ಪರೀಕ್ಷಿಸುವ ಅಧ್ಯಯನಗಳ, ವರದಿಯಲ್ಲಿ ಹತ್ತಾರು ಹೆಸರುಗಳಿದ್ದು, ಅಧ್ಯಯನವನ್ನು ರೂಪಿಸಿದವರಿಗೂ ಕೆಲವೇ ರೋಗಿಗಳನ್ನು ಸೇರಿಸಿದವರಿಗೂ ಸಾಮಾನ್ಯ ಎಣಿಕೆಯಲ್ಲಿ ಅಷ್ಟೇ ಉಲ್ಲೇಖ ಸಲ್ಲುತ್ತದೆ.

ಭಾಷೆಯ ತಡೆಯೂ ಸಣ್ಣದಲ್ಲ. ಅಕ್ಯೂಟ್ ಪ್ರೋಮೈಲೋಸಿಟಿಕ್ ಲ್ಯುಕೇಮಿಯಾ ಎಂಬ ತೀವ್ರ ಬಗೆಯ ರಕ್ತದ ಕ್ಯಾನ್ಸರ್ ಒಂದು ಕಾಲಕ್ಕೆ ರಕ್ತಸ್ರಾವದಿಂದ ದಿನಗಳೊಳಗೆ ಕೊಲ್ಲುತ್ತಿದ್ದ ರೋಗ. ಚೀನಾದ ಹಾರ್ಬಿನ್‌ನಲ್ಲಿ ಝಾಂಗ್ ಟಿಂಗ್‌ಡಾಂಗ್ ಮತ್ತು ಸಂಗಡಿಗರು 1970ರ ದಶಕದಲ್ಲೇ ಆರ್ಸೆನಿಕ್ ಬಳಸಿ ಲ್ಯುಕೇಮಿಯಾಕ್ಕೆ ಚಿಕಿತ್ಸೆ ನೀಡಿ, ಅದನ್ನು ಚೀನೀ ಭಾಷೆಯ ಜರ್ನಲ್‌ಗಳಲ್ಲಿ ವರದಿ ಮಾಡಿದ್ದರು. ಇಂಗ್ಲಿಷ್ ಓದುವ ಜಗತ್ತು ಅದರತ್ತ ತಿರುಗಿದ್ದು 1990ರ ದಶಕದಲ್ಲಿ. ವೆಲ್ಲೂರಿನ ವೈದ್ಯರು ಆರ್ಸೆನಿಕ್ ಒಂದನ್ನೇ ಕೊಟ್ಟು 72 ರೋಗಿಗಳಿಗೆ ಚಿಕಿತ್ಸೆ ಮಾಡಿದ ಅನುಭವವನ್ನು 2006ರಲ್ಲಿ ಪ್ರಕಟಿಸಿದರು. ಆರ್ಸೆನಿಕ್ ಮತ್ತು ವಿಟಮಿನ್ ಎ ಬಗೆಯ ಔಷಧವಾದ ರೆಟಿನಾಯಿಕ್ ಆಮ್ಲವನ್ನು ಜತೆಯಾಗಿ ಕೊಟ್ಟರೆ, ಅಪಾಯ ಕಡಿಮೆ ಅಥವಾ ಮಧ್ಯಮ ಮಟ್ಟದಲ್ಲಿರುವ ರೋಗಿಗಳಲ್ಲಿ ಎರಡು ವರ್ಷಗಳ ನಂತರವೂ 97 ಪ್ರತಿಶತ ಮಂದಿ ರೋಗ ಮರುಕಳಿಸುವಿಕೆಯೇ ಮುಂತಾದ ಹಿನ್ನಡೆಯಿಲ್ಲದೆ ಇರುತ್ತಾರೆಂದು 2013ರ ಟ್ರಯಲ್ ತೋರಿಸಿತು. ಕೀಮೋಥೆರಪಿ ಸೇರಿದ ಹಳೆಯ ಕ್ರಮದಲ್ಲಿ ಆ ಪ್ರಮಾಣ 86 ಆಗಿತ್ತು. 1985ರಲ್ಲಿ ಯಾರಾದರೂ ಆ ಹಾರ್ಬಿನ್ ವೈದ್ಯರ ಅಂತರರಾಷ್ಟ್ರೀಯ ಉಲ್ಲೇಖಗಳನ್ನು ಎಣಿಸಿ ಅವರ ಯೋಗ್ಯತೆ ಅಳೆದಿದ್ದರೆ ಎಂಥ ಅನ್ಯಾಯವಾಗುತ್ತಿತ್ತು!

ಅಪಾರ ಉಲ್ಲೇಖ ಪಡೆದ ಪ್ರಬಂಧಗಳೆಲ್ಲ ಹೊಸ ಶೋಧಗಳೂ ಅಲ್ಲ. ಫ್ರಾನ್ಸ್, ಅಮೆರಿಕ, ಬ್ರಿಟನ್ನಿನ ಏಳು ತಜ್ಞರು 1976ರಲ್ಲಿ ತೀವ್ರ ಲ್ಯುಕೇಮಿಯಾಗಳನ್ನು ವರ್ಗೀಕರಿಸಿ ಹೆಸರು ಕೊಟ್ಟರು. ರೋಗಿ ಯಾವ ವರ್ಗದವನೆಂದು ಬರೆಯುವ ಪ್ರತಿಯೊಬ್ಬರೂ ಅದನ್ನು ಹೆಸರಿಸಬೇಕಾಗಿದ್ದರಿಂದ ಅದರ ಉಲ್ಲೇಖಗಳು ಬೆಳೆದವು. ಅದು ನಿಜಕ್ಕೂ ಉಪಯುಕ್ತ ಕೆಲಸ, ಆದರೆ ಉಪಯೋಗದ ಬಗೆ ಬೇರೆ. ಇತರರ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಾಮರ್ಶಿಸುವ ರಿವ್ಯೂ ಲೇಖನಗಳ ಕಥೆಯೂ ಹೆಚ್ಚುಕಡಿಮೆ ಇದೇ.

ಎಣಿಕೆಯೇ ತಪ್ಪಾಗುವುದನ್ನೂ ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಲ್ಯುಕೇಮಿಯಾ ತಜ್ಞರೊಬ್ಬರ ಪಟ್ಟಿಯನ್ನು ಅವರ ಎದುರಿಗೇ ಪರಿಶೀಲಿಸುತ್ತಿದ್ದಾಗ, ದನಗಳ ಲ್ಯುಕೇಮಿಯಾ ವೈರಸ್ ಕುರಿತ ಪ್ರಬಂಧವೊಂದು ಅದರೊಳಗೆ ಸೇರಿಕೊಂಡಿತ್ತು. ಇನಿಷಿಯಲ್ ಮತ್ತು ಹೆಸರು ಒಂದೇ ಇದ್ದ ಪಶುವೈದ್ಯರೊಬ್ಬರ ಕೆಲಸವದು. ವಿಷಯದ ಪದವೂ ಒಂದೇ ಆದ್ದರಿಂದ ನನಗೆ ಅನುಮಾನವೇ ಬಂದಿರಲಿಲ್ಲ. ಅವರು ಕನ್ನಡಕ ಸರಿಪಡಿಸಿಕೊಂಡು ಆ ಸಾಲಿನ ಮೇಲೆ ಬೆರಳಿಟ್ಟು, "ಇದು ನನ್ನದಲ್ಲ, ತೆಗೆಯಿರಿ" ಎಂದರು. ತೆಗೆದಾಗ ಅವರ ಎಚ್-ಇಂಡೆಕ್ಸ್ ಒಂದು ಅಂಕ ಇಳಿಯಿತು. ಅವರು ಅದನ್ನು ಲೆಕ್ಕಿಸಲಿಲ್ಲ. ಪಟ್ಟಿಯ ಕೆಳಗಡೆ ಬೆರಳೆಣಿಕೆಯ ಉಲ್ಲೇಖಗಳೊಂದಿಗೆ ಕುಳಿತಿದ್ದ ತಮ್ಮ ಪ್ರಬಂಧವೊಂದನ್ನು ತೋರಿಸಿ, ಅದರಲ್ಲಿದ್ದ ರೋಗಿಗಳ ಬಗ್ಗೆ ಬಹಳ ಹೊತ್ತು ಮಾತನಾಡಿದರು. ಆ ಮಧ್ಯಾಹ್ನವನ್ನು ನಾನು ಮರೆತಿಲ್ಲ.

ಉಲ್ಲೇಖಗಳನ್ನು ಎಣಿಸಲೇಬಾರದು ಎಂಬುದು ನನ್ನ ವಾದವಲ್ಲ. ಹತ್ತಾರು ವರ್ಷ ಒಂದೇ ರೋಗದ ಬೆನ್ನುಹತ್ತಿ ಬರೆದವರ ಮಾತನ್ನು ಜಗತ್ತಿನ ಇತರ ಪ್ರಯೋಗಾಲಯಗಳು ಮತ್ತೆ ಮತ್ತೆ ಎತ್ತಿಕೊಂಡಿವೆ ಎಂದರೆ ಅದಕ್ಕೆ ಅರ್ಥವಿದ್ದೇ ಇದೆ. ಆದರೆ ಅಂಕಿಗಳನ್ನು ಅಚ್ಚು ಹಾಕುವಾಗ ಅವು ಯಾವ ದತ್ತಾಂಶಕೋಶದಿಂದ, ಯಾವ ದಿನ ತೆಗೆದವು ಎಂದು ತಿಳಿಸುವುದು ಅಗತ್ಯ, ಏಕೆಂದರೆ ಒಬ್ಬರದೇ ಲೆಕ್ಕ ಗೂಗಲ್ ಸ್ಕಾಲರ್‌ನಲ್ಲಿ ಒಂದಿದ್ದರೆ ಸ್ಕೋಪಸ್ ಅಥವಾ ವೆಬ್ ಆಫ್ ಸೈನ್ಸ್‌ನಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಇರುತ್ತದೆ. ಜರ್ನಲ್‌ನ ಅಂಕಿಯನ್ನು ಸಂಶೋಧಕನ ಯೋಗ್ಯತೆಗೆ ಬದಲಿಯಾಗಿ ಬಳಸಬಾರದೆಂದು 2012ರಲ್ಲಿ ರೂಪುಗೊಂಡ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯೂ ಹೇಳುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ಇಂಥ ಪರಿಚಯ ಬರೆಯುವ ವರದಿಗಾರರು ಆ ಸಂಶೋಧಕರನ್ನೇ ಕೇಳಲಿ: ನಿಮ್ಮ ಪ್ರಬಂಧಗಳಲ್ಲಿ ನಿಮಗೆ ಮುಖ್ಯವೆನಿಸುವ ಒಂದು ಯಾವುದು, ಅದರಲ್ಲಿ ನೀವು ಸ್ವತಃ ಮಾಡಿದ ಕೆಲಸ ಯಾವುದು, ಅದರಲ್ಲಿದ್ದ ರೋಗಿಗಳಿಗೆ ಏನಾಯಿತು? ಆ ಉತ್ತರಕ್ಕೆ ನಾಲ್ಕು ಸಾಲು ಸಾಕು. ಈಗಾಗಲೇ ಪ್ರಕಟವಾದ ಲೇಖನದ ವಿಜ್ಞಾನಿಯ ಬಗ್ಗೆಯೂ ಆ ನಾಲ್ಕು ಸಾಲುಗಳನ್ನು ತಾವು ಮುಂದಿನ ಸಂಚಿಕೆಯಲ್ಲಿ ಒದಗಿಸಿದರೆ ಕೃತಜ್ಞನಾಗಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವೈದ್ಯಕೀಯ ಗ್ರಂಥಪಾಲಕ