ಹಳೆ ವಾಲ್ವ್ ಆಂಪ್: ಗುಜರಿಗೂ ಬೇಡ, ಸೀದಾ ಪ್ಲಗ್ಗಿಗೂ ಬೇಡ

ಮಾನ್ಯ ಸಂಪಾದಕರೇ,

ಮಲೆನಾಡಿನ ಮನೆಗಳ ಅಟ್ಟದಲ್ಲಿ, ಎಸ್ಟೇಟ್ ಬಂಗಲೆಗಳ ಸ್ಟೋರ್ ರೂಮಿನಲ್ಲಿ, ಹಿಂದೆ ಆರ್ಕೆಸ್ಟ್ರಾ ನಡೆಸುತ್ತಿದ್ದವರ ಹಿತ್ತಲ ಕೋಣೆಯಲ್ಲಿ ಇವತ್ತಿಗೂ ವಾಲ್ವ್ (ಟ್ರಾನ್ಸಿಸ್ಟರ್ ಬರುವ ಮುಂಚಿನ, ಬಿಸಿಯಾಗಿ ಬೆಳಗುವ ಗಾಜಿನ ಟ್ಯೂಬ್) ಇರುವ ರೇಡಿಯೋ, ವಾಲ್ವ್ ಆಂಪ್ಲಿಫೈಯರ್‌ಗಳು ಬಿದ್ದಿವೆ. ಮನೆ ರಿಪೇರಿ ಶುರುವಾದ ಕೂಡಲೇ ಅವು ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ಇಲ್ಲವೇ ರಜೆಗೆ ಬಂದ ಹುಡುಗನೊಬ್ಬ 'ಹಾಡುತ್ತಾ ನೋಡೋಣ' ಅಂತ ಸೀದಾ ಪ್ಲಗ್ಗಿಗೆ ಹಾಕುತ್ತಾನೆ, ಹೊಗೆ ಏಳುತ್ತದೆ, ಆಮೇಲೆ ಅದೂ ಗುಜರಿಗೇ. ಎರಡೂ ಬೇಡ ಅಂತ ಹೇಳೋಕೆ ಈ ಪತ್ರ.

ನನ್ನ ಹತ್ತಿರ ಇರುವುದು 1970ರ ದಶಕದ ಫೆಂಡರ್ ಚಾಂಪ್, ಅಮೆರಿಕದ ಒಂದು ಚಿಕ್ಕ ಗಿಟಾರ್ ಆಂಪ್. ಕೊಪ್ಪದ ಕಡೆಯ ಎಸ್ಟೇಟ್ ಮನೆಯವರೊಬ್ಬರಿಂದ ಕೊಂಡದ್ದು. ಒಳಗೆ ಮೂರೇ ವಾಲ್ವ್: 12ಎಎಕ್ಸ್7, 6ವಿ6, 5ವೈ3. ಎಂಟು ಇಂಚಿನ ಒಂದು ಸ್ಪೀಕರ್, ವಾಲ್ಯೂಮ್, ಟ್ರೆಬಲ್, ಬಾಸ್ ಅಂತ ಮೂರು ಗುಂಡಿ, ಅಷ್ಟೇ. ಪವರ್ ಸುಮಾರು ಆರು ವ್ಯಾಟ್. ಈಗಿನವರು ನಗುತ್ತಾರೆ, ಬ್ಲೂಟೂತ್ ಡಬ್ಬಿಯಲ್ಲೇ ಇದಕ್ಕಿಂತ ಜಾಸ್ತಿ ಬರೆದಿರುತ್ತದೆ ಅಂತ. ನಗಲಿ. ವಾಲ್ಯೂಮ್ ಅರ್ಧ ದಾಟಿಸಿ ಗಿಟಾರ್ ತಂತಿಯನ್ನು ಮೆಲ್ಲಗೆ ಮೀಟಿದರೆ ತಿಳಿಯಾದ ನಾದ ಬರುತ್ತದೆ, ಅದೇ ತಂತಿಯನ್ನು ಸ್ವಲ್ಪ ಒತ್ತಿ ಮೀಟಿದರೆ ಸೌಂಡ್ ಅಂಚಿನಲ್ಲಿ ಒಡೆಯುತ್ತದೆ. ಗುಂಡಿ ಮುಟ್ಟುವುದೇ ಬೇಡ, ಎಲ್ಲಾ ಬೆರಳಿನಲ್ಲೇ.

ನಮ್ಮ ಕಡೆ ಇಂಥ ಆಂಪ್‌ಗೆ ವಯಸ್ಸಿಗಿಂತ ದೊಡ್ಡ ಶತ್ರು ಥಂಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ, ಬೆಲ್ಟು, ಪುಸ್ತಕ ಯಾವುದನ್ನೂ ಬೂಷ್ಟು ಬಿಡುವುದಿಲ್ಲ, ಆಂಪ್ ಬಿಡುತ್ತದಾ? ಹೊರಗಿನ ಬೂಷ್ಟು ಒರೆಸಿದರೆ ಹೋಗುತ್ತದೆ. ಕಷ್ಟ ಇರುವುದು ಒಳಗೆ. ಆ ಕಾಲದ ಫೆಂಡರ್‌ಗಳಲ್ಲಿ ರೆಸಿಸ್ಟರ್, ಕೆಪಾಸಿಟರ್ ಎಲ್ಲವನ್ನೂ ಕಪ್ಪು ಫೈಬರ್ ಹಲಗೆಯೊಂದರ ಮೇಲೆ ಜೋಡಿಸಿ ಬೆಸುಗೆ ಹಾಕಿರುತ್ತಾರೆ. ಆ ಹಲಗೆ ನೀರಿನ ಪಸೆ ಹೀರಿಕೊಳ್ಳುತ್ತದೆ. ಹೀರಿಕೊಂಡರೆ ಕರೆಂಟ್ ಹೋಗಬಾರದ ಕಡೆಗೆ ಚೂರು ಚೂರೇ ಸೋರುತ್ತದೆ. ಆಗ ಚರಚರ ಸದ್ದು, ಗುಂಯ್ ಅನ್ನುವ ಹಮ್. ಹಳೆ ಕಾರ್ಬನ್ ರೆಸಿಸ್ಟರ್‌ಗಳೂ ಪಸೆಗೆ ಸಿಕ್ಕಿ ತಮ್ಮ ಓಮ್ ಅಳತೆ ಬಿಟ್ಟು ಮೇಲೇರುತ್ತವೆ.

ನನ್ನ ಆಂಪ್ ಒಂದು ಮಳೆಗಾಲದಲ್ಲಿ ಹೀಗೇ ಚರಗುಟ್ಟಲು ಶುರು ಮಾಡಿತು. ದೊಡ್ಡ ಊರಿನ ಅಂಗಡಿಯೊಂದಕ್ಕೆ ಒಯ್ದೆ. ಮೂರೂ ವಾಲ್ವ್ ಹೋಗಿದೆ ಅಂದರು, ಬದಲಾಯಿಸಿದರು, ಬಿಲ್ ಕೊಟ್ಟರು. ಮನೆಗೆ ತಂದರೆ ಅದೇ ಚರಚರ. ಫೋನ್ ಮಾಡಿದರೆ 'ಹಳೇ ಮಾಲ್ ಸಾರ್, ಹಾಗೇ ಇರುತ್ತೆ' ಅಂದರು. ಹಳೇ ವಾಲ್ವ್ ವಾಪಸ್ ಕೊಡಿ ಅಂದರೆ ಎಸೆದುಬಿಟ್ಟೆವು ಅಂತ ಉತ್ತರ. ಎಸೆದಿರುತ್ತಾರಾ? ಅಮೆರಿಕದ ಹಳೆ 6ವಿ6ಗೆ ಹೊಸದಕ್ಕಿಂತ ಜಾಸ್ತಿ ಬೆಲೆ ಇದೆ ಅಂತ ಅವರಿಗೆ ಗೊತ್ತಿಲ್ಲವಾ? ಓದುಗರು ಇದೊಂದನ್ನು ನೆನಪಿಡಿ. ಬದಲಾಯಿಸಿದ ಪ್ರತಿ ಬಿಡಿಭಾಗವನ್ನೂ ಕೇಳಿ ವಾಪಸ್ ತಗೊಳ್ಳಿ.

ಕೊನೆಗೆ ದಾರಿ ತೋರಿಸಿದವರು ಶಿವಮೊಗ್ಗದ ಒಬ್ಬ ಹಳೇ ರೇಡಿಯೋ ಮೆಕ್ಯಾನಿಕ್. ಅಂಗಡಿ ಮುಚ್ಚಿ ವರ್ಷಗಳಾಗಿವೆ, ಈಗ ಮನೆಯ ಜಗಲಿಯಲ್ಲೇ ಕೆಲಸ. ಆಂಪ್ ಆನ್ ಮಾಡಿ ಒಂದು ನಿಮಿಷ ಸುಮ್ಮನೆ ಕೂತು ಕೇಳಿದರು. ಪೆನ್ಸಿಲ್ ಹಿಂಬದಿಯಿಂದ ವಾಲ್ವ್‌ಗಳನ್ನು ಒಂದೊಂದಾಗಿ ಟಕ್ ಟಕ್ ಅಂತ ತಟ್ಟಿದರು. ವಾಲ್ವ್ ಒಳಗೆ ಸಡಿಲವಾಗಿದ್ದರೆ ಆ ಏಟು ಸ್ಪೀಕರ್‌ನಲ್ಲಿ ಗಂಟೆ ಹೊಡೆದಂತೆ ಕೇಳುತ್ತದೆ. ಏನೂ ಕೇಳಲಿಲ್ಲ. ಆಮೇಲೆ ಮೊಮ್ಮಗಳ ಹೇರ್ ಡ್ರೈಯರ್ ತರಿಸಿ, ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು, ಆ ಕಪ್ಪು ಹಲಗೆಯ ಒಂದು ಮೂಲೆಗೆ ದೂರದಿಂದಲೇ ಬಿಸಿಗಾಳಿ ಬಿಟ್ಟರು. ಚರಚರ ಮೆಲ್ಲಗೆ ಇಳಿಯಿತು. 'ವಾಲ್ವ್ ಅಲ್ಲ ಮಾರಾಯ್ರೆ, ಹಲಗೆಗೆ ಥಂಡಿ ಹಿಡಿದಿದೆ' ಅಂದರು. ಹಲಗೆ ಒಣಗಿಸಿ, ಓಮ್ ಏರಿದ್ದ ರೆಸಿಸ್ಟರ್ ತೆಗೆದು ಬೇರೆ ಹಾಕಿ, ಕರೆಂಟ್ ತುಂಬಿಟ್ಟುಕೊಂಡು ಹಮ್ ತಗ್ಗಿಸುವ, ಈಗ ಒಣಗಿಹೋಗಿದ್ದ ಫಿಲ್ಟರ್ ಕೆಪಾಸಿಟರ್‌ಗಳನ್ನೂ ಬದಲಾಯಿಸಿದರು. ಅವರು ಮುಟ್ಟಿದ ಮೊದಲ ಗಿಟಾರ್ ಆಂಪ್ ಇದು. ಆದರೂ ತಡವರಿಸಲಿಲ್ಲ. ಯಾಕೆಂದರೆ ಫೆಂಡರ್ ಕಂಪನಿ ಕಟ್ಟಿದ ಲಿಯೋ ಫೆಂಡರ್ ಕೂಡ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನೇ. ಭದ್ರಾವತಿ ಆಕಾಶವಾಣಿ ಕೇಳಲು ನಮ್ಮ ಹಿರಿಯರು ಇಟ್ಟುಕೊಂಡಿದ್ದ ವಾಲ್ವ್ ರೇಡಿಯೋದ ಆಡಿಯೋ ಭಾಗ ಬಿಚ್ಚಿದವರಿಗೆ ಈ ಚಾಂಪ್ ಅಪರಿಚಿತ ಅಲ್ಲವೇ ಅಲ್ಲ.

ಈಗ ವೋಲ್ಟೇಜ್ ವಿಷಯ. ಇಂಥ ಆಂಪ್ ಅಮೆರಿಕದ ಸುಮಾರು 117 ವೋಲ್ಟ್, 60 ಹರ್ಟ್ಜ್‌ಗೆ ಮಾಡಿದ್ದು. ನಮ್ಮದು 230 ವೋಲ್ಟ್, 50 ಹರ್ಟ್ಜ್. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು ಅಂತ ಎಲ್ಲರಿಗೂ ಗೊತ್ತು. ಆದರೆ ಯಾವುದು ಅಂತ ಯಾರೂ ಹೇಳುವುದಿಲ್ಲ. ನಮ್ಮ ಹಳ್ಳಿ ಲೈನಿನಲ್ಲಿ ಪಂಪ್‌ಸೆಟ್ ಓಡುವಾಗ ಬಲ್ಬ್ ಮಂಕಾಗಿರುತ್ತದೆ, ರಾತ್ರಿ ಎಲ್ಲಾ ಆಫ್ ಆದ ಮೇಲೆ ಮೀಟರ್ 250 ತೋರಿಸುತ್ತದೆ. 230ಕ್ಕೆ 120 ಕೊಡುವ ಸ್ಟೆಪ್‌ಡೌನ್ ಇದ್ದರೆ ಆಗ ಆಂಪ್‌ಗೆ 130 ಹೋಗುತ್ತದೆ. 6.3 ವೋಲ್ಟ್ ಸಿಗಬೇಕಾದ, ವಾಲ್ವ್ ಒಳಗೆ ಕಾಯುವ ತಂತಿಯಾದ ಹೀಟರ್‌ಗೆ 7ರ ಹತ್ತಿರ ಹೋಗುತ್ತದೆ, ವಾಲ್ವ್ ಬೇಗ ಸಾಯುತ್ತದೆ. ಜೊತೆಗೆ 60 ಹರ್ಟ್ಜ್‌ಗೆ ಸುತ್ತಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಮೊದಲೇ ಹೆಚ್ಚು ಬಿಸಿಯಾಗುತ್ತದೆ. ಅದಕ್ಕೇ ನಾನು 110 ಕೊಡುವ ಸ್ಟೆಪ್‌ಡೌನ್ ಇಟ್ಟುಕೊಂಡಿದ್ದೇನೆ. 250 ಬಂದರೂ 120ಕ್ಕೆ ನಿಲ್ಲುತ್ತದೆ. ಕಡಿಮೆ ಬಂದಾಗ ಸೌಂಡ್ ಸ್ವಲ್ಪ ಸೊರಗುತ್ತದೆ, ಸೊರಗಲಿ ಬಿಡಿ. ಗುಡುಗು ಶುರುವಾದರೆ ಪ್ಲಗ್ ಕಿತ್ತು ಇಡುವುದನ್ನಂತೂ ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಗಂಭೀರ ಮಾತು. ಹಳೇ ಅಮೆರಿಕನ್ ಆಂಪ್ ಎಷ್ಟೋ ಎರಡೇ ಪಿನ್ನಿನವು, ಅರ್ತ್ ಇರುವುದಿಲ್ಲ. ಮೇನ್ಸ್ ಲೈನಿನಿಂದ ಚಾಸಿಗೆ, ಅಂದರೆ ಒಳಗಿನ ಲೋಹದ ಪೆಟ್ಟಿಗೆಗೆ, ಒಂದು ಚಿಕ್ಕ ಕೆಪಾಸಿಟರ್ ಬೇರೆ ಹಾಕಿರುತ್ತಾರೆ. ಅದು ಶಾರ್ಟ್ ಆದರೆ ಗಿಟಾರ್ ತಂತಿಗೇ ಕರೆಂಟ್. ಗಿಟಾರ್ ಹಿಡಿದು ಮೈಕ್‌ಗೆ ಬಾಯಿ ತಾಗಿಸಿ ತುಟಿಗೆ ಶಾಕ್ ಹೊಡೆಸಿಕೊಂಡವರು ಹಳೆ ಆರ್ಕೆಸ್ಟ್ರಾದವರಲ್ಲಿ ಬೇಕಾದಷ್ಟು ಜನ ಇದ್ದಾರೆ, ಕೇಳಿ ನೋಡಿ. ಆ ಕೆಪಾಸಿಟರ್ ಕತ್ತರಿಸಿ ತೆಗೆಸಿ, ಮೂರು ಪಿನ್ನಿನ ವೈರ್ ಹಾಕಿಸಿ, ಸ್ಟೆಪ್‌ಡೌನ್‌ನಲ್ಲೂ ಅರ್ತ್ ಮುಂದಕ್ಕೆ ಹೋಗಿದೆಯಾ ನೋಡಿಸಿ. ಮನೆಯ ಅರ್ತಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿದ್ದರೆ ಅದಕ್ಕೂ ನೀರು ಹಾಕಿ. 'ಒರಿಜಿನಲ್ ಹಾಗೇ ಇರಲಿ' ಅನ್ನುವ ಸಂಗ್ರಾಹಕರ ಮಾತನ್ನು ಇಲ್ಲಿ ಕೇಳಬೇಡಿ.

ಪ್ಲಗ್ ಕಿತ್ತ ಮೇಲೂ ಒಳಗೆ ಕೈ ಹಾಕಬೇಡಿ. ಫಿಲ್ಟರ್ ಕೆಪಾಸಿಟರ್ ಅಂದರೆ ಒಲೆ ಆರಿದ ಮೇಲೂ ನೀರು ಸುಡುವ ಬಚ್ಚಲ ಹಂಡೆ ಇದ್ದ ಹಾಗೆ. ಇಷ್ಟು ಚಿಕ್ಕ ಚಾಂಪ್‌ನಲ್ಲೇ 300 ವೋಲ್ಟ್‌ಗೂ ಜಾಸ್ತಿ ನಿಂತಿರಬಹುದು. ದೊಡ್ಡ ಆಂಪ್‌ಗಳಲ್ಲಿ 450ಕ್ಕೂ ಮೇಲೆ. ಅದನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್ ಹಿಡಿದು ನೋಡಿ ಆಮೇಲೇ ಮುಟ್ಟಬೇಕು. ಗೊತ್ತಿರುವವರು ಮಾತ್ರ. ವರ್ಷಗಟ್ಟಲೆ ಮಲಗಿದ್ದ ಆಂಪ್‌ಗೆ ಮೊದಲ ಸಲ ಕರೆಂಟ್ ಕೊಡುವುದೂ ಅಷ್ಟೇ, ಫಿಲಮೆಂಟ್ ಬಲ್ಬ್ ಹಾಕಿದ ಸೀರೀಸ್ ಬೋರ್ಡಿನ ಮೂಲಕ, ಅಂದರೆ ಕರೆಂಟ್ ಬಲ್ಬ್ ದಾಟಿಯೇ ಆಂಪಿಗೆ ಹೋಗಬೇಕು. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್, ತಕ್ಷಣ ಆಫ್. ಸ್ಪೀಕರ್ ಬಿಚ್ಚಿಟ್ಟು ಆನ್ ಮಾಡಲೇಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಆ ಖರ್ಚು ತಡೆಯಲಾಗುವುದಿಲ್ಲ.

ಮಳೆಗಾಲದಲ್ಲಿ ಇಡುವ ಬಗ್ಗೆ ಹೇಳಬೇಕೆಂದರೆ, ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೇ ಬೆವರುತ್ತದೆ. ಹಳೇ ಪಂಚೆ ಸಾಕು. ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ನುಡಿಸಿ, ವಾಲ್ವ್ ಕಾವಿಗೆ ಅದೇ ಒಣಗುತ್ತದೆ. ಹಿಂಬದಿ ತೆರೆದೇ ಇರುವುದರಿಂದ ಟಾರ್ಚ್ ಬಿಟ್ಟು ನೋಡುತ್ತಿರಿ, ಜಿರಲೆ, ಹಲ್ಲಿಗೆ ಆ ಜಾಗ ಬಹಳ ಇಷ್ಟ. ನನ್ನದರಲ್ಲಿ ಟ್ರಾನ್ಸ್‌ಫಾರ್ಮರ್ ಮಗ್ಗುಲಿಗೇ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಕೆರೆದು ತೆಗೆದ ಮೇಲೆ 606 ಅಂತ ಶುರುವಾಗುವ ನಂಬರ್ ಕಂಡಿತು. 606 ಟ್ರಾನ್ಸ್‌ಫಾರ್ಮರ್ ಮಾಡಿದವರ ಗುರುತು, ಅದರ ಮುಂದಿನ ಅಂಕಿಗಳಲ್ಲಿ ವರ್ಷ, ವಾರ ಇರುತ್ತದೆ. ಆಂಪ್ ಎಷ್ಟು ಹಳೆಯದು ಅಂತ ಮಾರುವವರ ಮಾತು ನಂಬುವ ಬದಲು ಇದನ್ನು ನೋಡಿ.

ಬಿಡಿಭಾಗ ಸಿಗಲ್ಲ ಅನ್ನುವುದು ಸುಮ್ನೆ ಮಾತು. ಕೆಪಾಸಿಟರ್, ರೆಸಿಸ್ಟರ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ವಾಲ್ವ್‌ಗಳನ್ನು ಸ್ಲೊವಾಕಿಯಾ, ರಷ್ಯಾ, ಚೀನಾದಲ್ಲಿ ಈಗಲೂ ಮಾಡುತ್ತಾರೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ರಷ್ಯಾದ ವಾಲ್ವ್ ಸಿಗದೆ ಬೆಲೆ ಏರಿದ್ದು ನಿಜ. ನಮ್ಮ ಬೆಂಗಳೂರಿನ ಬಿಇಎಲ್ ಕೂಡ ಒಂದು ಕಾಲಕ್ಕೆ ರೇಡಿಯೋ ವಾಲ್ವ್ ಮಾಡುತ್ತಿತ್ತು. 12ಎಎಕ್ಸ್7 ಜಾಗಕ್ಕೆ ಕೂರುವ ಇಸಿಸಿ83 ಹಳೇ ಮೆಕ್ಯಾನಿಕ್‌ಗಳ ಡ್ರಾಯರಿನಲ್ಲಿ ಡಬ್ಬಿ ಸಮೇತ ಇದ್ದರೂ ಇರಬಹುದು.

ಸಿಗದೇ ಹೋಗುವುದು ಕೈ. ವಾಲ್ವ್ ಸೆಟ್ ರಿಪೇರಿ ಮಾಡಿದವರೆಲ್ಲ ಈಗ ಎಪ್ಪತ್ತು ದಾಟಿದವರು. ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್‌ಗಳವರು ಅವರನ್ನು ವರ್ಷಕ್ಕೊಂದು ವಾರವಾದರೂ ಕರೆಸಿ, ಗೌರವಧನ ಕೊಟ್ಟು, ಹುಡುಗರ ಎದುರು ಒಂದು ಹಳೇ ಸೆಟ್ ಬಿಚ್ಚಿಸಬಾರದಾ? ನಿಮ್ಮ ಪತ್ರಿಕೆಯೂ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಲ್ಲಿ ಇನ್ನೂ ವಾಲ್ವ್ ಕೆಲಸ ಬಲ್ಲವರು ಯಾರಿದ್ದಾರೆ ಅಂತ ಹುಡುಕಿ, ಅವರು ಒಪ್ಪಿದರೆ ಹೆಸರು, ಊರು ಹಾಕಿ ಬರೆಯಲಿ. ಅಟ್ಟದಿಂದ ಆಂಪ್ ಇಳಿಸಿದವರಿಗೆ ಎಲ್ಲಿಗೆ ಒಯ್ಯಬೇಕು ಅಂತಾದರೂ ಗೊತ್ತಾಗುತ್ತದೆ.

ಗಿಟಾರ್ ಹುಚ್ಚಿನ ಓದುಗ, ತೀರ್ಥಹಳ್ಳಿ