ತಲಾ ಆದಾಯದ ಸುದ್ದಿ ಅರ್ಧಕ್ಕೇ ನಿಲ್ಲುತ್ತದೆ

ಸಂಪಾದಕರಿಗೆ ನಮಸ್ಕಾರ.

ರಾಜ್ಯ ಬಜೆಟ್ ಹತ್ತಿರ ಬಂತೆಂದರೆ ಸರ್ಕಾರದ ಆರ್ಥಿಕ ಸಮೀಕ್ಷೆ ಬರುತ್ತದೆ. ಮರುದಿನ ನಮ್ಮ ಕರಾವಳಿ ಪುಟದಲ್ಲಿ ಒಂದು ಸುದ್ದಿ ಗ್ಯಾರಂಟಿ: ತಲಾ ಆದಾಯದಲ್ಲಿ ಬೆಂಗಳೂರು ನಗರದ ಹಿಂದೆಯೇ ದಕ್ಷಿಣ ಕನ್ನಡ, ಅದರ ಬೆನ್ನಿಗೆ ಉಡುಪಿ. ಓದಲಿಕ್ಕೆ ಖುಷಿಯೇ. ಆದರೆ ಸುದ್ದಿ ಅಲ್ಲಿಗೇ ಮುಗಿದುಹೋಗುತ್ತದಲ್ಲ, ಅದಕ್ಕೆ ಈ ಪತ್ರ. ನಾನು ಬ್ಯಾಂಕಿನಿಂದ ನಿವೃತ್ತನಾದವನು (ನಮ್ಮ ಕಡೆ ಅಂಥವರಿಗೇನೂ ಬರವಿಲ್ಲ ಬಿಡಿ), ಒಂದು ಸಂಖ್ಯೆ ಕಂಡರೆ ಅದು ಎಲ್ಲಿಂದ ಬಂತು ಅಂತ ಕೆದಕದೆ ಸುಮ್ನಿರಲಾಗುವುದಿಲ್ಲ.

ತಲಾ ಆದಾಯ ಅಂದರೆ ಜನರ ಕೈಗೆ ಬಂದ ದುಡ್ಡಲ್ಲ. ಜಿಲ್ಲೆಯ ಗಡಿಯೊಳಗೆ ಒಂದು ವರ್ಷದಲ್ಲಿ ಹುಟ್ಟಿದ ಉತ್ಪನ್ನದ ಮೌಲ್ಯ ಹಿಡಿದು, ಸವಕಳಿ (ಯಂತ್ರ, ಕಟ್ಟಡ ಸವೆದದ್ದರ ಬೆಲೆ) ಕಳೆದು, ಜನಸಂಖ್ಯೆಯಿಂದ ಭಾಗಿಸಿದ್ದು. ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ಸುರತ್ಕಲ್ ಬಳಿ ಇದೆ, ಹಾಗಾಗಿ ಅಲ್ಲಿ ಹುಟ್ಟಿದ ಮೌಲ್ಯ ದಕ್ಷಿಣ ಕನ್ನಡದ ಲೆಕ್ಕಕ್ಕೆ. ಅದರ ಲಾಭ ಸೇರುವುದು ಅದರ ಒಡೆತನದ ಕಂಪನಿ ಒಎನ್‌ಜಿಸಿ ಮತ್ತು ಉಳಿದ ಷೇರುದಾರರಿಗೆ. ಸರಾಸರಿ ಮಾತ್ರ ಬೆಳ್ತಂಗಡಿಯಲ್ಲಿ ಬೀಡಿ ಕಟ್ಟುವ ಹೆಂಗಸಿಗೂ ಅದರಲ್ಲಿ ಒಂದು ಪಾಲು ಬರೆದಿಡುತ್ತದೆ! ಇತ್ತ ದುಬೈ, ಕುವೈತ್‌ನಿಂದ ಮಗ ಕಳಿಸಿದ ದುಡ್ಡಲ್ಲಿ ಎರಡಂತಸ್ತಿನ ಮನೆ ಎದ್ದಿರುತ್ತದೆ. ಆ ದುಡ್ಡು ಇಲ್ಲಿ ಹುಟ್ಟಿದ್ದಲ್ಲ, ಹಾಗಾಗಿ ಜಿಲ್ಲೆಯ ಉತ್ಪನ್ನದಲ್ಲಿ ಬರುವುದೇ ಇಲ್ಲ. ಆ ಮನೆ ಕಟ್ಟಿದ ಮೇಸ್ತ್ರಿಯ ದುಡಿಮೆ ಮಾತ್ರ ಕಟ್ಟಡ ಕೆಲಸದ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ಅಂದರೆ ಬಾರದ ದುಡ್ಡು ಲೆಕ್ಕದಲ್ಲಿದೆ, ಬಂದ ದುಡ್ಡು ಲೆಕ್ಕದಲ್ಲಿಲ್ಲ. ಭಾಗಿಸುವ ಜನಸಂಖ್ಯೆಯೂ 2011ರ ಜನಗಣತಿಯಿಂದ ಮುಂದಕ್ಕೆ ಎಳೆದ ಅಂದಾಜು. ಆಗ ದಕ್ಷಿಣ ಕನ್ನಡದಲ್ಲಿ ಸುಮಾರು 20.9 ಲಕ್ಷ, ಉಡುಪಿಯಲ್ಲಿ 11.8 ಲಕ್ಷ ಜನ. ಕೆಲವು ವಲಯಗಳಲ್ಲಂತೂ ರಾಜ್ಯದ ಮೊತ್ತವನ್ನೇ ಜಿಲ್ಲೆಗಳಿಗೆ ಹಂಚಿ ಹಾಕುತ್ತಾರೆ.

ಹಾಗಂತ ಸರ್ಕಾರಿ ಅಂಕಿಅಂಶ ಸುಳ್ಳು ಅನ್ನುತ್ತಿಲ್ಲ. ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟುಕೊಂಡು ಓದಿ ಅಷ್ಟೆ. ರಿಸರ್ವ್ ಬ್ಯಾಂಕ್ ಮೂರು ತಿಂಗಳಿಗೊಮ್ಮೆ ಜಿಲ್ಲಾವಾರು ಠೇವಣಿ ಮತ್ತು ಸಾಲದ ಅಂಕಿ ಹಾಕುತ್ತದೆ, ಯಾರು ಬೇಕಾದರೂ ನೋಡಬಹುದು. ಗಲ್ಫ್ ದುಡ್ಡು ಕಾಣಿಸುವುದು ಅಲ್ಲಿ, ಠೇವಣಿಯಲ್ಲಿ. ಗ್ರಾಮೀಣ ಮತ್ತು ಅರೆಪಟ್ಟಣದ ಶಾಖೆಗಳು ನೂರು ರೂಪಾಯಿ ಠೇವಣಿಗೆ 60 ರೂಪಾಯಿಯಾದರೂ ಸಾಲ ಕೊಡಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿರೀಕ್ಷೆ. ಉಡುಪಿ ಜಿಲ್ಲೆಯ ಸಾಲ-ಠೇವಣಿ ಅನುಪಾತ ವರ್ಷಗಳಿಂದ ಅದಕ್ಕಿಂತ ಕೆಳಗೇ ಇದೆ. ಸಿಂಡಿಕೇಟ್, ಕಾರ್ಪೊರೇಶನ್ ಬ್ಯಾಂಕ್ ಹುಟ್ಟಿದ ಜಿಲ್ಲೆಯಲ್ಲಿ ಸಾಲ ಕೇಳುವವರಿಲ್ಲವೋ, ಕೊಡುವವರಿಲ್ಲವೋ? ಇದು ಸುದ್ದಿ ಅಲ್ವಾ? ಒಂದು ಎಚ್ಚರಿಕೆ: ಆ ಪಟ್ಟಿಯಲ್ಲಿರುವುದು ವಾಣಿಜ್ಯ ಬ್ಯಾಂಕುಗಳು ಮಾತ್ರ. ನಮ್ಮೂರಿನ ಸಹಕಾರಿ ಸೊಸೈಟಿ ಕೊಟ್ಟ ಬೆಳೆ ಸಾಲ ಅದರಲ್ಲಿಲ್ಲ, ಅದನ್ನು ಬೇರೆಯೇ ಕೇಳಿ ಪಡೆಯಬೇಕು.

ಅಡಿಕೆಯದ್ದೂ ಇದೇ ಕತೆ. ಎಪಿಎಂಸಿ ದರಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ದರ ಇರುತ್ತವೆ, ಜೊತೆಗೆ ಆವಕ, ಅಂದರೆ ಆ ದಿನ ಮಾರುಕಟ್ಟೆಗೆ ಬಂದ ಮಾಲು, ಎಷ್ಟು ಅಂತಲೂ ಇರುತ್ತದೆ. ಪೇಪರಿನ ಹೆಡ್ಡಿಂಗಿಗೆ ಬರುವುದು ಗರಿಷ್ಠ. ಬಹುಪಾಲು ಮಾಲು ಹೋಗುವುದು ಮಾದರಿ ದರದ ಆಸುಪಾಸಿನಲ್ಲಿ. ಆವಕ ಏನೂ ಇಲ್ಲದ ದಿನ ದರ ಏರಿದರೆ ಪುತ್ತೂರು, ಸುಳ್ಯದ ಎಷ್ಟು ಜನಕ್ಕೆ ಸಿಕ್ಕಿತು? ಅದನ್ನು ಬರೆಯುವುದಿಲ್ಲ, ಓದಿದವರು ಮಾತ್ರ ಅಡಿಕೆಯವರಿಗೇನು ಕಡಿಮೆ ಅನ್ನುತ್ತಾರೆ.

ಮೀನಿನ ಬಗ್ಗೆ ಒಂದೇ ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ, ಹಾಗಾಗಿ ಮಲ್ಪೆಯ ಆಗಸ್ಟ್ ಲೆಕ್ಕವನ್ನು ಹಿಂದಿನ ಆಗಸ್ಟ್‌ಗೇ ಹೋಲಿಸಿ, ಜುಲೈಗಲ್ಲ.

ಕೊನೆಗೆ ಒಂದು ಬೇಡಿಕೆ. ಬ್ಯಾಂಕರ್‌ಗಳ ಜಿಲ್ಲಾ ಮಟ್ಟದ ಪರಿಶೀಲನಾ ಸಭೆ ಮೂರು ತಿಂಗಳಿಗೊಮ್ಮೆ ನಡೆಯುತ್ತದೆ. ಪೇಪರಿನಲ್ಲಿ ಬರುವುದು ವೇದಿಕೆಯ ಫೋಟೊ, ಅಧಿಕಾರಿಗಳ ಸೂಚನೆ. ಆ ಸಭೆಗೆ ಬ್ಯಾಂಕ್‌ವಾರು ಪಟ್ಟಿ ತಯಾರಾಗಿರುತ್ತದೆ. ಮುಂದಿನ ಸಲ ನಿಮ್ಮ ವರದಿಗಾರರು ಅದರ ಒಂದು ಪ್ರತಿ ಕೇಳಿ ತರಲಿ. ಯಾವ ಬ್ಯಾಂಕ್ ಇಲ್ಲಿ ಎಷ್ಟು ಠೇವಣಿ ತೆಗೆದುಕೊಂಡಿತು, ಎಷ್ಟು ಸಾಲ ಕೊಟ್ಟಿತು ಅಂತ ಇದ್ದದ್ದನ್ನು ಇದ್ದ ಹಾಗೆ ಹಾಕಿ. ಫೋಟೊಗೆ ಜಾಗ ಸಾಲದಿದ್ದರೂ ಅಡ್ಡಿಯಿಲ್ಲ.

ಇಂತಿ,
ನಿಮ್ಮ ಹಳೇ ಓದುಗ, ಉಡುಪಿ